ಕಾಯುವ ತಾಕತ್ತು ಯಾರಿಗಿದೆ?

ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಉತ್ತರ. ಹೆಚ್ಚಿನವು ಬಡವ–ಬಲ್ಲಿದರ ಅಂತರದ ಮೇಲೇ ಇವೆ. ಚಿನ್ನದ ದರ, ಮ್ಯೂಚುವಲ್ ಫಂಡ್ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ಬನಹಟ್ಟಿಯೊಳಗ ಇನ್ನೊಬ್ಬರ ವಿದ್ಯುತ್ ಮಗ್ಗದ ಮ್ಯಾಲೆ ಕೂಲಿ ನೇಕಾರ ಅದೀನ್ರಿ. ಮಗಳ ಮದುವಿಗೆ ಮಾಲೀಕರ ಕಡಿಂದ ರೊಕ್ಕ ತಗೊಂಡೆ. ಅದನ್ನ ‘ಬಾಕಿ’ ಅಂತ ಬರಕೊಂಡಾರ. ಬಾಕಿ ತೀರೂತನಕ ಬ್ಯಾರೆ ಮಗ್ಗಕ್ಕ ಹೋಗೂ ಹಂಗಿಲ್ಲ. ಬಾಜೂ ಓಣ್ಯಾಗ ಸೀರಿಗೆ ಹೆಚ್ಚಿನ ಮಜೂರಿ ಕೊಡ್ತಾರ, ಆದ್ರ ಹೋಗೂದು ಹ್ಯಾಂಗ? ಮಾಲೀಕರು ಮೂರಂತಸ್ತಿನ ಮನಿ ಕಟ್ಟಿದ್ರು, ನಾ ಅದ ಪತ್ರಾಸಿನ ಮನ್ಯಾಗ ಅದೀನಿ. ಇದು ಹಣೆಬರಹ ಏನ್ರಿ?
— ಕೂಲಿ ನೇಕಾರ, ಬನಹಟ್ಟಿ

ಉತ್ತರ: ಹಣೆಬರಹ ಅಲ್ಲ, ಲೆಕ್ಕದ ಪುಸ್ತಕದ ಬರಹ. ನಿಮ್ಮ ಮಾಲೀಕರು ನಿಮಗಿಂತ ಹತ್ತು ಪಟ್ಟು ದುಡಿಯುತ್ತಾರೆ ಎಂದು ಅವರ ಮನೆಯವರೂ ಹೇಳಲಾರರು. ಆದರೆ ಅವರು ನಿಮಗಿಂತ ಹತ್ತು ಪಟ್ಟು ಹೆಚ್ಚು ದಿನ ಸುಮ್ಮನೆ ಕೂಡಬಲ್ಲರು. ಹಾಸು ಬಂದಿಲ್ಲ, ಕರೆಂಟ್ ಇಲ್ಲ, ಮಾಲು ಹೋಗಿಲ್ಲ ಎಂದು ಮಗ್ಗ ಎರಡು ವಾರ ನಿಂತಿತು ಅನ್ನಿ. ಅವರಿಗೆ ಆ ತಿಂಗಳ ಲಾಭ ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಸೀರೆ ಲೆಕ್ಕದ ಮಜೂರಿಯ ಗುಟ್ಟು ಇಲ್ಲಿದೆ. ನೇಯ್ದ ಸೀರೆಗೆ ಹಣ, ಕಾದ ದಿನಕ್ಕೆ ಏನೂ ಇಲ್ಲ. ಪೇಟೆಯ ಏರಿಳಿತದ ಪೆಟ್ಟು ಸಾಲುಸಾಲಾಗಿ ಕೆಳಗಿಳಿದು, ತಾಳಿಕೊಳ್ಳುವ ತ್ರಾಣ ಎಲ್ಲರಿಗಿಂತ ಕಡಿಮೆ ಇರುವವನ ಮೇಲೆ ಬೀಳುತ್ತದೆ. 2020ರ ಲಾಕ್‌ಡೌನಿನಲ್ಲಿ ನೇಕಾರ ಊರುಗಳೆಲ್ಲ ಇದನ್ನು ಕಂಡವು. ಕೊಠಡಿಯಲ್ಲಿ ಸೀರೆ ಒಟ್ಟಿದವರು ಪೇಟೆ ತೆರೆದಾಗ ಅವನ್ನು ಮಾರಿಕೊಂಡರು. ಮಗ್ಗದ ಮುಂದೆ ಕುಳಿತಿದ್ದವರು ಆ ತಿಂಗಳುಗಳನ್ನು ಯಾರಿಗೆ ಮಾರಬೇಕಿತ್ತು?

ಮುಕ್ತ ಮಾರುಕಟ್ಟೆಯವರು ಗುರುವೆಂದು ಕರೆಯುವ ಆ್ಯಡಮ್ ಸ್ಮಿತ್ 1776ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಒಬ್ಬ ಆಳನ್ನೂ ಇಟ್ಟುಕೊಳ್ಳದೆ ಧಣಿ ಒಂದೆರಡು ವರ್ಷ ಬಾಳಬಲ್ಲ. ಕೆಲಸವಿಲ್ಲದೆ ಒಂದು ವಾರವೂ ತಳ್ಳಲಾರದ ಕೂಲಿಕಾರರು ಅನೇಕರು. ಆದ್ದರಿಂದ ಕೂಲಿಯ ಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಬಹುದು ಎಂಬುದು ಅವನ ವಾದದ ತಾತ್ಪರ್ಯ. ನಾನು ಕಾಲೇಜಿನಲ್ಲಿ ಪಾಠ ಹೇಳುವಾಗ ಪಠ್ಯಪುಸ್ತಕದಲ್ಲಿ ಅವನ ‘ಅದೃಶ್ಯ ಹಸ್ತ’ ಇತ್ತು, ಈ ಪುಟ ಇರಲಿಲ್ಲ. ಅಸಮಾನತೆ ಎಂದರೆ ಅವರಿಗೆ ಮೂರಂತಸ್ತು, ನಿಮಗೆ ಪತ್ರಾಸು ಎಂಬಷ್ಟೇ ಅಲ್ಲ. ಕಾಯಿಸುವವರು ಅವರು, ಕಾಯಲಾರದವರು ನೀವು. ಮನೆಗಳು ಈ ಅಂತರದ ಮೇಲೆ ಎದ್ದು ನಿಂತಿವೆ.

ಇನ್ನು ಬಾಕಿಯ ವಿಷಯ. ಸಾಲ ಕೊಡುವುದು ತಪ್ಪಲ್ಲ; ಮದುವೆಯ ಹೊತ್ತಿಗೆ ಬ್ಯಾಂಕು ಕೊಡದ್ದನ್ನು ಮಾಲೀಕರು ಕೊಟ್ಟಿದ್ದಾರೆ, ಅದನ್ನು ಮರೆಯಬೇಕಿಲ್ಲ. ಆದರೆ ಆ ಸಾಲಕ್ಕೆ ಕಟ್ಟಿದ ಷರತ್ತು ಬೇರೆ ಮಾತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೊಲದ ಜೀತಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮುಂಗಡ ಪಡೆದ ಕಾರಣಕ್ಕೆ ಬೇರೆ ಕಡೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಬಿಟ್ಟುಕೊಡಬೇಕೆಂದರೆ, ಅಥವಾ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯಬೇಕೆಂದರೆ, ಅದನ್ನೂ ಆ ಕಾಯ್ದೆ ಜೀತದ ಲೆಕ್ಕಕ್ಕೆ ತರುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಬಲವಂತದ ದುಡಿಮೆ ಎಂದು 1982ರಲ್ಲಿ ಏಷ್ಯಾಡ್ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರು ಕೇಳಬೇಕಾದವರು ಜಿಲ್ಲಾಧಿಕಾರಿ. ನಿಮಗೆ ಹತ್ತಿರದವರು ಜಮಖಂಡಿಯ ಉಪವಿಭಾಗಾಧಿಕಾರಿ.

ಹಾಗಂತ ನಾಳೆಯೇ ಒಬ್ಬರೇ ಅರ್ಜಿ ಹಿಡಿದು ಹೊರಡಬೇಡಿ. ಒಬ್ಬರು ಹೋದರೆ ಮಗ್ಗ ಕಳೆದುಕೊಂಡು ಬರುತ್ತೀರಿ. ಮೊದಲು ಬಾಕಿಯ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ: ಕೊಟ್ಟದ್ದೆಷ್ಟು, ಪ್ರತಿ ವಾರ ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು. ನಿಮ್ಮ ಹಾಗೆಯೇ ಬಾಕಿ ಇರುವವರು ಅದೇ ಓಣಿಯಲ್ಲಿ ಹತ್ತು ಜನ ಸಿಗುತ್ತಾರೆ. ಹತ್ತೂ ಜನ ಒಂದೇ ದಿನ ಕೇಳಿ. ಮನೆಯವರು ಸ್ವಸಹಾಯ ಸಂಘದಲ್ಲಿದ್ದರೆ ಅಲ್ಲಿಂದ ಸಾಲ ಪಡೆದು ಬಾಕಿ ತೀರಿಸುವುದು ಎರಡನೆಯ ದಾರಿ. ಸಾಲ ಸಾಲವೇ. ಆದರೆ ಸಂಘದ ಸಾಲ ನಿಮ್ಮನ್ನು ಒಂದೇ ಮಗ್ಗಕ್ಕೆ ಕಟ್ಟಿಹಾಕುವುದಿಲ್ಲ.

ಪ್ರಶ್ನೆ: ನಾಲ್ಕು ಮಗ್ಗದ ಮಾಲೀಕ ನಾನು. ಮಾತೆತ್ತಿದರೆ ಎಲ್ಲರೂ ‘ಶೋಷಣೆ’ ಅನ್ನುತ್ತಾರೆ. ನೂಲು ತರುವಾಗ ನಗದು ಕೊಡಬೇಕು, ಸೀರೆ ಒಯ್ದ ವ್ಯಾಪಾರಿ ಹಣ ಕೊಡುವುದು ನಾಲ್ಕು ತಿಂಗಳಿಗೆ. ಸೂರತ್ತಿನ ಸೀರೆ ನಮಗಿಂತ ಅಗ್ಗ. ನಮ್ಮ ಅಸಮಾನತೆ ಯಾರಿಗೆ ಹೇಳೋಣ?
— ರಬಕವಿ

ಉತ್ತರ: ನಿಮ್ಮದೂ ಅದೇ ರೋಗ, ಒಂದು ಮೆಟ್ಟಿಲು ಮೇಲೆ. ನೇಕಾರನನ್ನು ನೀವು ಕಾಯಿಸುತ್ತೀರಿ, ನಿಮ್ಮನ್ನು ವ್ಯಾಪಾರಿ ಕಾಯಿಸುತ್ತಾನೆ. ನಾಲ್ಕು ಮಗ್ಗದವರನ್ನು ನಾನೂರು ಮಗ್ಗದವರ ಸಾಲಿನಲ್ಲಿ ಕೂಡಿಸುವವರ ಜೊತೆ ನಾನಿಲ್ಲ. ನಿಮ್ಮಲ್ಲಿ ಅನೇಕರು ಬೇರೆಯವರ ನೂಲು ತಂದು ನೇಯ್ದುಕೊಡುವ, ಹೆಸರಿಗಷ್ಟೇ ಮಾಲೀಕರಾದವರು. 10 ಎಚ್.ಪಿ.ವರೆಗಿನ ಮಗ್ಗಗಳಿಗೆ ರಾಜ್ಯ ಸರ್ಕಾರ ಕೊಟ್ಟ ಉಚಿತ ವಿದ್ಯುತ್ತು ನಿಮ್ಮಂಥವರಿಗೆ ಆಸರೆಯಾಗಿದೆ.

ನೀವು ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಮಾಡಿಸಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಬೆನ್ನಿಗಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಅವಧಿ ಮೀರಿ ಉಳಿಸಿಕೊಂಡ ಹಣವನ್ನು ವ್ಯಾಪಾರಿ ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಬಿಲ್ಲಿಲ್ಲದೆ ಚೀಟಿಯ ಮೇಲೆ ವ್ಯವಹಾರ ಮಾಡಿದರೆ ಇದಾವುದೂ ಸಿಗುವುದಿಲ್ಲ. ನಿಮ್ಮ ಹಣ 45 ದಿನದಲ್ಲಿ ಬರತೊಡಗಿದ ಮೇಲೆ ನೇಕಾರನ ಮಜೂರಿಯನ್ನೂ ಶನಿವಾರಕ್ಕೆ ತಪ್ಪದೆ ಕೊಡುತ್ತೀರೆಂದು ನಂಬಿದ್ದೇನೆ.

ಪ್ರಶ್ನೆ: ಒಂದು ಕಡೆ ಭಾರತ ಜಗತ್ತಿನ ನಾಲ್ಕನೇ ಅತ್ಯಂತ ಸಮಾನ ದೇಶ ಅಂತ ಸುದ್ದಿ. ಇನ್ನೊಂದು ಕಡೆ ಬ್ರಿಟಿಷರ ಕಾಲಕ್ಕಿಂತ ಹೆಚ್ಚು ಅಸಮಾನತೆ ಅಂತ ವರದಿ. ಮಕ್ಕಳಿಗೆ ಯಾವುದನ್ನು ಕಲಿಸಲಿ?
— ಶಿಕ್ಷಕಿ, ಜಮಖಂಡಿ

ಉತ್ತರ: ಎರಡನ್ನೂ ಕಲಿಸಿ, ಏನನ್ನು ಅಳೆದಿದ್ದಾರೆ ಎಂಬುದನ್ನು ಮೊದಲು ಕಲಿಸಿ. ಮೊದಲನೆಯದು ವಿಶ್ವಬ್ಯಾಂಕಿನ ಅಂಕಿ ಹಿಡಿದು 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೇಳಿದ್ದು: 2022–23ರಲ್ಲಿ ಗಿನಿ ಸೂಚ್ಯಂಕ 25.5. ಸೊನ್ನೆ ಎಂದರೆ ಎಲ್ಲರಿಗೂ ಸಮ, ನೂರು ಎಂದರೆ ಎಲ್ಲವೂ ಒಬ್ಬನಿಗೇ. ಆದರೆ ಆ ಸಮೀಕ್ಷೆ ಕೇಳಿದ್ದು ಮನೆಗಳು ಎಷ್ಟು ಖರ್ಚು ಮಾಡುತ್ತವೆ ಎಂಬುದನ್ನು. ಶ್ರೀಮಂತ ತನ್ನ ಗಳಿಕೆಯಲ್ಲಿ ಖರ್ಚು ಮಾಡುವುದು ಚೂರುಪಾರು, ಉಳಿದದ್ದು ಭೂಮಿ, ಷೇರು, ಕಟ್ಟಡ ಆಗುತ್ತದೆ. ಬಡವ ಗಳಿಸಿದ್ದಷ್ಟನ್ನೂ, ಸಾಲ ತಂದದ್ದನ್ನೂ ಖರ್ಚು ಮಾಡುತ್ತಾನೆ. ಖರ್ಚಿನ ತಕ್ಕಡಿಯಲ್ಲಿ ಇಬ್ಬರೂ ಹತ್ತಿರ ಕಾಣುತ್ತಾರೆ. ಜೊತೆಗೆ, ಬಹುದೊಡ್ಡ ಮನೆಯ ಗೇಟಿನೊಳಗೆ ಸಮೀಕ್ಷೆಯವರನ್ನು ಬಿಟ್ಟುಕೊಂಡವರು ಎಷ್ಟು ಜನ? ಅನೇಕ ದೇಶಗಳ ಅಂಕಿ ಆದಾಯದ್ದು, ನಮ್ಮದು ಖರ್ಚಿನದು. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ನಾಲ್ಕನೇ ಸ್ಥಾನ ಎನ್ನುವುದು ನ್ಯಾಯದ ಲೆಕ್ಕವಲ್ಲ.

ಎರಡನೆಯದು 2024ರ ಮಾರ್ಚ್‌ನಲ್ಲಿ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು ತೆರಿಗೆ ದಾಖಲೆಗಳನ್ನೂ ಸೇರಿಸಿ ಬರೆದದ್ದು. 2022–23ರಲ್ಲಿ ದೇಶದ ಆದಾಯದ ಶೇ 22.6 ಮತ್ತು ಸಂಪತ್ತಿನ ಶೇ 40.1 ಮೇಲಿನ ಶೇ 1ರಷ್ಟು ಜನರ ಕೈಯಲ್ಲಿತ್ತು ಎನ್ನುತ್ತದೆ ಅದು. ಅದರಲ್ಲೂ ಅಂದಾಜುಗಳಿವೆ, ಅರ್ಥಶಾಸ್ತ್ರಜ್ಞರ ತಕರಾರುಗಳೂ ಇವೆ. ಆದರೆ ಕಾಯುವ ತಾಕತ್ತು ಹುಟ್ಟುವುದು ಕೂಡಿಟ್ಟ ಸಂಪತ್ತಿನಿಂದ, ತಿಂಗಳ ಖರ್ಚಿನಿಂದಲ್ಲ. ಆದ್ದರಿಂದ ನನಗೆ ಎರಡನೆಯ ಅಳತೆಯೇ ಮುಖ್ಯ. ಸತ್ತವರ ಆಸ್ತಿಯ ಮೇಲಿದ್ದ ತೆರಿಗೆಯನ್ನು 1985ರಲ್ಲಿ, ಸಂಪತ್ತಿನ ತೆರಿಗೆಯನ್ನು 2015ರಲ್ಲಿ ನಾವೇ ತೆಗೆದುಹಾಕಿದೆವು ಎಂಬುದನ್ನೂ ಮಕ್ಕಳಿಗೆ ಹೇಳಿ. ಸಂವಿಧಾನದ 38(2)ನೇ ವಿಧಿಯನ್ನು ಹಲಗೆಯ ಮೇಲೆ ಬರೆಸಿ: ಆದಾಯದ ಅಸಮಾನತೆ ತಗ್ಗಿಸುವುದು ಸರ್ಕಾರದ ಕರ್ತವ್ಯ ಎನ್ನುವ ಮಾತು ಅಲ್ಲಿದೆ.

ಪ್ರಶ್ನೆ: ಗ್ಯಾರಂಟಿ ಬಂದ ಮೇಲೆ ಹೊಲಕ್ಕೆ ಹೆಣ್ಣಾಳು ಸಿಗುತ್ತಿಲ್ಲ. ಸಿಕ್ಕರೂ ಹೇಳಿದ ಕೂಲಿಗೆ ಬರುವುದಿಲ್ಲ. ತಿಂಗಳಿಗೆ 2,000 ಸುಮ್ಮನೆ ಬಂದರೆ ಯಾರು ದುಡಿಯುತ್ತಾರೆ? ಜನರನ್ನು ಸೋಮಾರಿ ಮಾಡುವುದು ಸಮಾನತೆಯೇ?
— ಇಪ್ಪತ್ತು ಎಕರೆ ಜಮೀನುದಾರ, ತೇರದಾಳ

ಉತ್ತರ: ತಿಂಗಳಿಗೆ 2,000 ಎಂದರೆ ದಿನಕ್ಕೆ ಅರವತ್ತಾರು ರೂಪಾಯಿ ಚಿಲ್ಲರೆ. ಅಷ್ಟರಲ್ಲಿ ಕಾಲ ಚಾಚಿ ಕೂಡುವ ಸಂಸಾರವನ್ನು ನಾನು ಕಂಡಿಲ್ಲ, ನೀವೂ ಕಂಡಿರಲಾರಿರಿ. ನಿಮ್ಮ ಪತ್ರದ ಎರಡನೆಯ ವಾಕ್ಯವೇ ಉತ್ತರ: ಅವರು ದುಡಿಯುವುದನ್ನು ಬಿಟ್ಟಿಲ್ಲ, ನೀವು ಹೇಳಿದ ಕೂಲಿಗೆ ಬರುವುದನ್ನು ಬಿಟ್ಟಿದ್ದಾರೆ. ಮನೆಯಲ್ಲಿ ಅಕ್ಕಿ ಇದೆ, ಗೃಹಲಕ್ಷ್ಮಿಯ ಹಣ ಬಂದಿದೆ. ಎರಡು ದಿನ ತಡೆದು ‘ಇಷ್ಟು ಕೊಟ್ಟರೆ ಬರುತ್ತೇನೆ’ ಎನ್ನುವ ಧೈರ್ಯ ಬಂದಿದೆ. ಇಷ್ಟು ವರ್ಷ ಆ ಧೈರ್ಯ ನಿಮಗೆ ಮಾತ್ರ ಇತ್ತು.

ಗ್ಯಾರಂಟಿಗಳ ಮೇಲೆ ನನಗೂ ದೂರುಗಳಿವೆ. ಕಂತು ತಿಂಗಳುಗಟ್ಟಲೆ ತಡವಾಗಿ ಬಂದರೆ ಅದರ ಅರ್ಧ ಪ್ರಯೋಜನ ಹೋಯಿತು. ನೆಚ್ಚಿಕೊಳ್ಳಲಾಗದ ಹಣ ಯಾರಿಗೂ ಧೈರ್ಯ ಕೊಡುವುದಿಲ್ಲ. ಇದೇ ಹಣದಲ್ಲಿ ಸರ್ಕಾರಿ ಶಾಲೆ, ಆಸ್ಪತ್ರೆಗಳಿಗೆ ಎಷ್ಟು ಹೋಗಬೇಕಿತ್ತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಸೋಮಾರಿತನದ ಮಾತು ಮಾತ್ರ ನಿಲ್ಲದು. ನಿಮ್ಮ ಇಪ್ಪತ್ತು ಎಕರೆಗೆ ಬರುವ ಪಂಪ್‌ಸೆಟ್ ಕರೆಂಟೂ ಉಚಿತವೇ. ಅದರಿಂದ ನೀವು ಸೋಮಾರಿಯಾದಿರೆಂದು ಯಾರೂ ಪತ್ರ ಬರೆದಿಲ್ಲ.

ಪ್ರಶ್ನೆ: ಕಬ್ಬಿನ ಬೆಲೆಗಾಗಿ ನಾವು ಬೀದಿಗಿಳಿದರೆ ‘ಶ್ರೀಮಂತ ರೈತರ ಹೋರಾಟ’ ಎಂದು ಕೆಲವರು ಹೀಗಳೆಯುತ್ತಾರೆ. ಮೂರು ಎಕರೆ ಕಬ್ಬಿನವನು ಶ್ರೀಮಂತನೇ?
— ಯುವ ರೈತ, ಮುಧೋಳ ತಾಲ್ಲೂಕು

ಉತ್ತರ: ಅಲ್ಲ. ಕಡಿದ ಕಬ್ಬು ದಿನದಿಂದ ದಿನಕ್ಕೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಇಳುವರಿ ಇಳಿಯುತ್ತದೆ. ಜೋಳವನ್ನು ಹಗೇವಿನಲ್ಲಿ ಇಡಬಹುದು, ಕಬ್ಬನ್ನು ಇಡಲಾಗದು. ಕಾರ್ಖಾನೆಯ ಗೇಟಿನಲ್ಲಿ ಸಾಲುಗಟ್ಟಿದ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಯಾರು ಯಾರನ್ನು ಕಾಯಿಸುತ್ತಾರೆಂದು ಹೇಳಬೇಕಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದಲ್ಲಿ ಹಣ ಬರಬೇಕು, ತಡವಾದರೆ ಶೇ 15ರ ಬಡ್ಡಿ. ಆ ಬಡ್ಡಿಯನ್ನು ಕೇಳಿ ಪಡೆದವರು ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ ನೋಡಿ. 2025–26ರ ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ಕನಿಷ್ಠ ಬೆಲೆ) ಶೇ 10.25ರ ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಇದರಲ್ಲೇ ಮುರಿದುಕೊಂಡ ಮೇಲೆ ಕೈಗೆ ಬರುವುದು ಬೇರೆಯೇ ಮೊತ್ತ. 2025ರ ನವೆಂಬರ್‌ನಲ್ಲಿ ಗುರ್ಲಾಪುರದಿಂದ ಮುಧೋಳದವರೆಗೆ ಹಬ್ಬಿದ ಹೋರಾಟ ಆ ವೆಚ್ಚ ಬಿಟ್ಟು ಟನ್ನಿಗೆ 3,500 ಕೇಳಿತು, ಸರ್ಕಾರ 3,300 ಘೋಷಿಸಿತು. ಒಬ್ಬೊಬ್ಬರೇ ಕಾಯಲಾರದವರು ಒಟ್ಟಾಗಿ ಕಾದಿದ್ದರಿಂದ ಅಷ್ಟಾದರೂ ಬಂತು.

ಆದರೆ ನಿಮಗೊಂದು ಮರುಪ್ರಶ್ನೆ. ನಿಮ್ಮ ಕಬ್ಬು ಕಡಿಯುವ ಗ್ಯಾಂಗಿನವರು ಎಲ್ಲಿಯವರು? ಮಹಾರಾಷ್ಟ್ರದ ಬೀಡ ಕಡೆಯವರೋ, ವಿಜಯಪುರದ ತಾಂಡಾದವರೋ ಇರಬೇಕು. ಹಂಗಾಮಿಗೆ ಮೊದಲೇ ಗಂಡ–ಹೆಂಡತಿ ಜೋಡಿಗೆ ಉಚಲು (ಮುಂಗಡ) ಕೊಟ್ಟು ಕರೆತಂದಿರುತ್ತಾರೆ. ಬನಹಟ್ಟಿಯ ಬಾಕಿಗೂ ಈ ಉಚಲಿಗೂ ಹೆಸರಷ್ಟೇ ಬೇರೆ. ಕಟಾವಿನ ಕೂಲಿ ನಿಮ್ಮ ಬಿಲ್ಲಿನಿಂದಲೇ ಮುರಿಯುವುದರಿಂದ ಅವರ ಕೂಲಿ ಏರಿದರೆ ನಿಮ್ಮ ಕೈಗೆ ಬರುವುದು ಇಳಿಯುತ್ತದೆ. ಹೀಗೆ ಮೂರು ಎಕರೆಯವನನ್ನೂ ಎಕರೆಯೇ ಇಲ್ಲದವನನ್ನೂ ಎದುರುಬದುರು ನಿಲ್ಲಿಸಲಾಗಿದೆ. ಹೊಲದ ಬದುವಿನ ಗುಡಿಸಲಲ್ಲಿ ಐದು ತಿಂಗಳು ಶಾಲೆ ಬಿಟ್ಟು ಕೂತ ಅವರ ಮಕ್ಕಳ ಬಗ್ಗೆ ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ಇರಲಿ. ಕಟಾವು–ಸಾಗಣೆಯ ವೆಚ್ಚವನ್ನು ಕಾರ್ಖಾನೆಯೇ ಹೊರಲಿ ಎಂದು ನೀವೂ ಅವರೂ ಕೂಡಿ ಕೇಳಿದರೆ ಅದು ಹೆಚ್ಚು ಬಲವಾದ ಹೋರಾಟ.

ಪ್ರಶ್ನೆ: ನಮ್ಮೂರು ಹಿನ್ನೀರಿಗೆ ಮುಳುಗತೈತಿ ಅಂತಾರ್ರಿ. ಹೊಲ ಇದ್ದವರಿಗೆ ಎಕರೆಕ್ಕ ಲಕ್ಷಗಟ್ಟಲೆ ಬರತೈತಿ. ನಮಗ ಹೊಲ ಇಲ್ಲ. ಅವರ ಹೊಲದಾಗ ದುಡಿದ ಹೊಟ್ಟಿ ತುಂಬಿಸಿಕೊಂಡವ್ರು. ಹೊಲ ಮುಳುಗಿದ್ರ ನಮ್ಮ ಕೂಲಿನೂ ಮುಳುಗತೈತಿ. ಅದಕ್ಕ ಪರಿಹಾರ ಇಲ್ಲೇನ್ರಿ?
— ಕೃಷಿ ಕೂಲಿ ಮಹಿಳೆ, ಬೀಳಗಿ ತಾಲ್ಲೂಕು

ಉತ್ತರ: ಇದೆ ತಾಯಿ, ಆದರೆ ಕೇಳದೆ ಬರುವುದಿಲ್ಲ. ಆಲಮಟ್ಟಿ ಜಲಾಶಯದ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ನಿಲ್ಲಿಸಲು 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ನಿರ್ಧರಿಸಿತು. ಊರಿನ ಕಟ್ಟೆಯ ಮೇಲೆ ಈಗ ಇದೇ ಲೆಕ್ಕ. ಹಿಂದಿನ ಮುಳುಗಡೆಯಲ್ಲೂ ಕಾಗದ ಇದ್ದವರಿಗೆ ಹಣ ಬಂತು, ಕಾಗದ ಇಲ್ಲದವರು ಊರು ಬಿಟ್ಟರು.

2013ರ ಭೂಸ್ವಾಧೀನ ಕಾಯ್ದೆ ಬೇರೆ ಮಾತು ಹೇಳುತ್ತದೆ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಪ್ರದೇಶದಲ್ಲಿ ಕೂಲಿ, ಗೇಣಿ ಅಥವಾ ಕುಶಲಕೆಲಸ ಮಾಡಿ ಬದುಕಿದ, ಸ್ವಾಧೀನದಿಂದ ಮುಖ್ಯ ಜೀವನಾಧಾರವನ್ನೇ ಕಳೆದುಕೊಳ್ಳುವ ಭೂರಹಿತ ಕುಟುಂಬವನ್ನೂ ಅದು ‘ಬಾಧಿತ ಕುಟುಂಬ’ ಎನ್ನುತ್ತದೆ. ಎರಡನೆಯ ಅನುಸೂಚಿಯಲ್ಲಿ ಅಂಥವರಿಗೆ ಉದ್ಯೋಗ, ಇಲ್ಲವೇ ಒಮ್ಮೆಗೆ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದ ಹಣ ಎಂದಿದೆ. ನಿಮ್ಮ ಊರಿನ ಸಮೀಕ್ಷೆಯ ಪಟ್ಟಿಯಲ್ಲಿ ನಿಮ್ಮ ಕುಟುಂಬದ ಹೆಸರು ಇದೆಯೇ ಎಂದು ಇವತ್ತೇ ಕೇಳಿ. ಇಲ್ಲದಿದ್ದರೆ ಪುನರ್ವಸತಿ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಉದ್ಯೋಗ ಖಾತ್ರಿಯ ಕಾರ್ಡು ನಿಮ್ಮ ವಾಸಕ್ಕೆ ಸಾಕ್ಷಿ.

ಹೊಲ ಇರುವ ಮನೆಗಳ ಹೆಣ್ಣುಮಕ್ಕಳೂ ಇದನ್ನು ಓದುತ್ತಿರಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. ಪರಿಹಾರದ ಹಣಕ್ಕೂ ಅದೇ ಪಾಲು. ‘ಹಕ್ಕು ಬಿಟ್ಟೆ’ ಎಂದು ಸಹಿ ಹಾಕುವ ಮುನ್ನ ಎಕರೆಯ ದರ ನೋಡಿಕೊಳ್ಳಿ.

ಪ್ರಶ್ನೆ: ನಾವು ಪ್ರತಿ ವರ್ಷ ಜಾತ್ರೆಗೆ ಅನ್ನದಾಸೋಹ ಮಾಡುತ್ತೇವೆ, ಮಠಕ್ಕೆ ಕೊಡುತ್ತೇವೆ. ಶ್ರೀಮಂತರ ಕೈ ಧಾರಾಳವಾಗಿದ್ದರೆ ಅಸಮಾನತೆಯ ಚಿಂತೆ ಯಾಕೆ?
— ಬೆಲ್ಲದ ವ್ಯಾಪಾರಿ, ಮಹಾಲಿಂಗಪುರ

ಉತ್ತರ: ದಾಸೋಹ ನಡೆಯಲಿ, ನಾನೂ ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ. ಆದರೆ ಶರಣರ ಕಥೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ತಿರುಗಿ ಸುರಿದು ಬರಲು ಕಳಿಸುತ್ತಾಳೆ. ಹೆಚ್ಚಿಗೆ ತಂದು ಆಮೇಲೆ ಹಂಚೋಣ ಎಂದು ಅವಳು ಹೇಳಲಿಲ್ಲ. ನಿಮ್ಮ ಹಮಾಲರ ದಿನಗೂಲಿ ಎಷ್ಟು ಎಂದು ಪತ್ರದಲ್ಲಿ ಬರೆದಿಲ್ಲವಲ್ಲ.

ಪ್ರಶ್ನೆ: ನಮ್ಮ ಭಾಗದಲ್ಲಿ ಸಾಮಾನ್ಯ ಜನ ತಾವೇ ಕೂಡಿ ಏನಾದರೂ ಬದಲಿಸಿದ ಉದಾಹರಣೆ ಇದೆಯೇ? ಎಲ್ಲವೂ ಸರ್ಕಾರವೇ ಮಾಡಬೇಕೇ?
— ಪದವಿ ವಿದ್ಯಾರ್ಥಿ, ಜಮಖಂಡಿ

ಉತ್ತರ: ನಿಮ್ಮ ಊರಿನ ಪಕ್ಕದಲ್ಲೇ ಇದೆ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರು ಸರ್ಕಾರದ ದುಡ್ಡಿಗೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಎತ್ತಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ಎರಡು ವರ್ಷದ ಮೇಲೆ ಅದೇ ‘ಬ್ಯಾರೇಜ್ ಸಿದ್ದು’ ಲೋಕಸಭೆ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಒಣಗುತ್ತಿದ್ದ ನದಿ ದಂಡೆಗೆ ಬೇಸಿಗೆಯಲ್ಲೂ ನೀರು ನಿಂತಿತು. ಒಂದು ಮಾತು ಸೇರಿಸುತ್ತೇನೆ: ನೀರು ಹರಿದದ್ದು ಹೊಲ ಮತ್ತು ಪಂಪು ಇದ್ದವರಿಗೆ. ಹೊಲವಿಲ್ಲದವರಿಗೆ ಬಂದದ್ದು ಕೂಲಿ. ಒಗ್ಗಟ್ಟು ದೊಡ್ಡದು, ಅದರ ಫಲ ಹೇಗೆ ಹಂಚಿತು ಎಂಬುದನ್ನೂ ನಿಮ್ಮ ಪ್ರಬಂಧದಲ್ಲಿ ಬರೆಯಿರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕೈಮಗ್ಗ ಇದೆ. ಅಪ್ಪ ನೇಯುತ್ತಾರೆ. ಅಮ್ಮ ಬೆಳಗಿನಿಂದ ಕಂಡಿಕೆ ಸುತ್ತುತ್ತಾಳೆ, ಹಾಸು ಹಚ್ಚುವಾಗ ಕೈ ಹಿಡಿಯುತ್ತಾಳೆ. ಮಜೂರಿ ಬರುವುದು ಅಪ್ಪನ ಹೆಸರಿಗೆ. ಅಮ್ಮನ ದುಡಿಮೆಗೆ ಬೆಲೆ ಇಲ್ಲವೇ?
— ಬಿ.ಕಾಂ. ವಿದ್ಯಾರ್ಥಿನಿ, ರಬಕವಿ

ಉತ್ತರ: ಸೀರೆಗೆ ಕೊಡುವ ಮಜೂರಿಯಲ್ಲಿ ನಿಮ್ಮ ಅಮ್ಮನ ದಿನವೂ ಅಡಗಿದೆ, ಮಾಲೀಕ ಒಂದು ಕೂಲಿಗೆ ಎರಡು ಜನರನ್ನು ಪಡೆಯುತ್ತಿದ್ದಾನೆ, ಅಪ್ಪನಿಗೂ ಅದು ಲೆಕ್ಕಕ್ಕೆ ಬಂದಿಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಹೆಂಗಸರೇ ಹೆಚ್ಚು. ಆ ಗಣತಿ ನೇಯುವವರನ್ನಷ್ಟೇ ಅಲ್ಲ, ನೂಲು ಸುತ್ತುವಂಥ ಪೂರಕ ಕೆಲಸದವರನ್ನೂ ಬೇರೆಯಾಗಿ ಎಣಿಸಿದೆ. ಅಂದರೆ ಕಂಡಿಕೆ ಸುತ್ತುವುದು ಸರ್ಕಾರದ ಕಣ್ಣಿನಲ್ಲಿ ಮನೆಗೆಲಸವಲ್ಲ, ಕಸುಬು.

ಕಾಮರ್ಸ್ ಓದುತ್ತಿದ್ದೀರಿ, ನಿಮಗೊಂದು ಕೆಲಸ ಹಚ್ಚುತ್ತೇನೆ. ಒಂದು ತಿಂಗಳು ಅಪ್ಪನ ತಾಸು, ಅಮ್ಮನ ತಾಸು ಎರಡನ್ನೂ ಬರೆದಿಡಿ. ಒಟ್ಟು ತಾಸಿನಿಂದ ಮಜೂರಿಯನ್ನು ಭಾಗಿಸಿ, ಬಂದ ಅಂಕಿಯನ್ನು ರಾಜ್ಯದ ಕನಿಷ್ಠ ವೇತನದ ಪಕ್ಕದಲ್ಲಿಟ್ಟು ಇಬ್ಬರಿಗೂ ತೋರಿಸಿ. ಆಮೇಲೆ ಅಮ್ಮನನ್ನು ಕರೆದುಕೊಂಡು ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಗೆ ಹೋಗಿ, ಅವರ ಹೆಸರಿನಲ್ಲೇ ಕೈಮಗ್ಗ ಕೆಲಸಗಾರರ ಗುರುತಿನ ಚೀಟಿಗೆ ಅರ್ಜಿ ಕೊಡಿ. ಅಪ್ಪನ ಚೀಟಿ ಇದೆಯಲ್ಲ, ಒಂದು ಮನೆಗೆ ಒಂದೇ ಸಾಕು ಎಂದು ಯಾರಾದರೂ ಹೇಳಿದರೆ ಹಾಗೆಂದು ಬರೆದುಕೊಡಲು ಕೇಳಿ, ಆ ಕಾಗದದ ಪ್ರತಿಯನ್ನು ನನಗೂ ಕಳಿಸಿ.